ಮೇಸ್ತ್ರಿ ಕಲಿಸಿದ ಇಂಗ್ಲಿಷ್

“ಬಾಯಾಗೇನು ಸಗಣಿ ತುಂಬ್ಕಂಡಿದೀಯೇನೇ ಬೋಸುಡಿ? ‘ವಿ ಆರ್ ಹ್ಯಾಪಿ, ಸರ್’ ಅನ್ನೇ!”

ಮೇಸ್ತ್ರಿ ಜಯದೇವಪ್ಪನ ಬೆತ್ತ ಸಾವಂತ್ರಮ್ಮನ ತಲೆಮೇಲಿನ ಬುಟ್ಟಿಗೆ ಬಿತ್ತು. ಜಗಳೂರಿನಾಚೆಯ ಆ ಕಲ್ಲುಕ್ವಾರಿಯಲ್ಲಿ ಹನ್ನೊಂದು ಜನ ಹೆಂಗಸರು ಬೆಳಗಿನಿಂದ ಜಲ್ಲಿ ಹೊರುತ್ತಲೇ ಇಂಗ್ಲಿಷ್ ಕಲಿಯುತ್ತಿದ್ದರು. ನಾಳೆ ಕ್ವಾರಿ ಕಂಪನಿಯ, ಕನ್ನಡ ಬಾರದ ದೊಡ್ಡಸಾಹೇಬರು ತಪಾಸಣೆಗೆ ಬರುವವರಿದ್ದರು. ಕೂಲಿಯವರನ್ನೇ ನೇರ ಕೇಳುವ ಚಟವಂತೆ ಆ ಮಹಾನುಭಾವರಿಗೆ.

“ಸಾಹೇಬ್ರ ಹಿಂದೆ ನಿಂತು ಬೆರಳು ತೋರುಸ್ತೀನಿ. ಒಂದು ಬೆರಳಿಗೆ ‘ಹ್ಯಾಪಿ’. ಎರಡಕ್ಕೆ ‘ಯೆಸ್ ಸರ್, ಪಾಸಿಬಲ್’, ಅಂದ್ರೆ ಎಷ್ಟು ಕೆಲ್ಸ ಕೊಟ್ರೂ ಆಗ್ತೈತೆ ಅಂತ. ಮೂರಕ್ಕೆ ‘ತ್ರೀ ವಿಸಲ್, ಮಸ್ಟ್’. ತಿಳೀತೇನ್ರೇ?”

ಬಂಡೆ ಸಿಡಿಸುವ ಮುಂಚೆ ಮೂರು ಸಲ ಸೀಟಿ ಊದಲೇಬೇಕೆಂಬುದು ರೂಲು. ಜಯದೇವಪ್ಪ ಊದುತ್ತಿದ್ದುದು ಒಂದೇ ಸಲ. ಮೂರು ಊದಿದರೆ ಹೆಂಗಸರು ದೂರ ಓಡುತ್ತಾರೆ, ಹೊತ್ತು ಹಾಳು. ನಾಲ್ಕು ದಿನದ ಹಿಂದೆ ಹಾಗೆ ಸಿಡಿದ ಚಕ್ಕೆಯೊಂದು ಸಾವಂತ್ರಮ್ಮನ ನಾದಿನಿ ಅಜ್ಜಮ್ಮನ ಬಲಗಣ್ಣಿಗೆ ಹೊಕ್ಕಿತ್ತು. ದಾವಣಗೆರೆಗೆ ಒಯ್ಯದಿದ್ದರೆ ಇನ್ನೊಂದು ಕಣ್ಣೂ ಹೋಗುತ್ತದೆಂದು ಕಾಂಪೌಂಡರ್ ಹೇಳಿದ್ದ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಂದು ಮೇಸ್ತ್ರಿ ಅವಳನ್ನು ತಗಡಿನ ಶೆಡ್ಡಿನೊಳಗೆ ಹಾಕಿ ಬೀಗ ಜಡಿದಿದ್ದ.

“ನೋವಿಗೆ ಇಂಗ್ಲಿಷ್ನಾಗೆ ಏನಂತಾರ್ರೀ, ಮೇಸ್ತ್ರಿ?” ಎಂದಳು ಸಾವಂತ್ರಮ್ಮ.

ಕಪಾಳಕ್ಕೆ ಬಿತ್ತು. “ಅದು ಕಟ್ಕಂಡು ನಿನಗೇನಾಗ್ಬೇಕೇ? ಬೇರೆ ಏನಾರ ಬೊಗಳಿದ್ಯೋ, ನಿನ್ನ ನಾದಿನಿ ಅಲ್ಲೇ ಕೊಳೀತಾಳೆ!”

ಸಾವಂತ್ರಮ್ಮ ಹಲ್ಲುಕಚ್ಚಿ ಬುಟ್ಟಿ ಎತ್ತಿದಳು.

ಮರುದಿನ ಜೀಪು ಬಂತು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಇಳಿದರು, ಏನೋ ಕೇಳಿದರು. ಅವರ ಬೆನ್ನ ಹಿಂದೆ ಒಂದು ಬೆರಳು ಎದ್ದಿತು.

“ವಿ ಆರ್ ಹ್ಯಾಪಿ, ಸರ್!” ಹೆಂಗಸರು ಕಿರುಚಿದರು.

ಎರಡು ಬೆರಳು. “ಯೆಸ್ ಸರ್, ಪಾಸಿಬಲ್!” ಸಾಹೇಬರು ನಗುತ್ತ ಪುಸ್ತಕದಲ್ಲಿ ಗೀಚಿಕೊಂಡರು.

ಮೂರು ಬೆರಳು ಎದ್ದಾಗ ಶೆಡ್ಡಿನಿಂದ ನರಳಾಟ ಕೇಳಿಸಿತು. “ಅತ್ಗೇ… ಸಾಯ್ತೀನೇ…”

ಸಾವಂತ್ರಮ್ಮ ಬುಟ್ಟಿ ಒಗೆದಳು. ಕಲ್ಲೊಡೆಯುವ ಸುತ್ತಿಗೆ ಹಿಡಿದು ನೇರ ಶೆಡ್ಡಿಗೆ ನಡೆದು ಬೀಗಕ್ಕೆ ಹೊಡೆದಳು. ಎರಡನೇ ಏಟಿಗೆ ಚಿಲಕ ಕಿತ್ತುಬಂತು.

“ಲೇ ಮುಂಡೆ, ಏನ್ ಮಾಡಾಕೆ ಹೊಂಟಿದೀಯೇ?” ಮೇಸ್ತ್ರಿ ಓಡಿಬಂದ.

“ಹತ್ರ ಬಾರೋ ಹಾದರಕ್ಕುಟ್ಟಿದೋನೇ! ನಿಂದೂ ಒಂದು ಕಣ್ಣು ಕೀಳ್ತೀನಿ!”

ಮೇಸ್ತ್ರಿ ನಿಂತಲ್ಲೇ ನಿಂತ. ಅವಳು ಅಜ್ಜಮ್ಮನನ್ನು ತೋಳು ಹಿಡಿದು ಸಾಹೇಬರ ಮುಂದೆ ತಂದು, ಕಣ್ಣಿನ ಬಟ್ಟೆ ಬಿಚ್ಚಿದಳು. ಕೀವು ಗಲ್ಲಕ್ಕಿಳಿಯಿತು, ನೊಣ ಮುತ್ತಿದವು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಮುಖ ತಿರುಗಿಸಿ, ಡ್ರೈವರನಿಗೆ ಏನೋ ಅಂದು ಜೀಪು ಹತ್ತಿಬಿಟ್ಟರು. ಆ ಇಂಗ್ಲಿಷನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ.

ಸಾವಂತ್ರಮ್ಮ ನಾದಿನಿಯನ್ನು ಜೀಪಿಗೆ ಅಡ್ಡವಾಗಿ ನೆಲದ ಮೇಲೆ ಕೂರಿಸಿ ಪಕ್ಕದಲ್ಲಿ ಕೂತಳು. ಒಬ್ಬೊಬ್ಬಳಾಗಿ ಉಳಿದ ಹೆಂಗಸರೂ ಬಂದು ಕೂತರು. ಡ್ರೈವರ್ ಹಾರ್ನ್ ಒತ್ತಿದ, ಮತ್ತೆ ಒತ್ತಿದ.

“ಜೀಪು ಹೊಂಟೋತೇನೇ, ಅತ್ಗೆ?”

“ಎಲ್ಲಿಗೆ ಹೋಗ್ತೈತೆ? ನಿನ್ನ ಹತ್ತಿಸ್ಕಂಡು ಹೋಗ್ಬೇಕು, ಇಲ್ಲಾ ನಮ್ಮ ಮ್ಯಾಲೆ ಹಾಯ್ಸಿ ಹೋಗ್ಬೇಕು.”

ಇಂಜಿನ್ ಗುರ್ರೆಂದಿತು. ಯಾರೂ ಏಳಲಿಲ್ಲ.