ಗುಡ್ಡದ ಪಾಸ್‌ಪೋರ್ಟ್ ಫೋಟೊ

ಊರಿನವರ ಮುಖಗಳನ್ನೆಲ್ಲ ಪಾಸ್‌ಪೋರ್ಟ್ ಅಳತೆಗೆ ಇಳಿಸಿದ್ದ ಸ್ಟುಡಿಯೊ ಮಾಲೀಕನಿಗೆ ಐವತ್ತು ದಾಟಿದ ಮೇಲೆ ಪ್ರಕೃತಿಯ ಹುಚ್ಚು ಹಿಡಿಯಿತು. ಹಿಡಿದರೆ ಹಿಡಿಯಲಿ, ಹಳೇ ಚಾಳಿ ಬಿಡಬೇಕಲ್ಲ. ಗುಡ್ಡ ಕಂಡರೂ ಅದನ್ನು ಚೌಕಟ್ಟಿನ ನಟ್ಟನಡುವೆ ಕೂರಿಸುತ್ತಿದ್ದ. ನೆತ್ತಿಯ ಮೇಲೆ ಎರಡು ಬೆರಳು ಜಾಗ, ಹಿಂದೆ ಬೋಳು ಆಕಾಶ. ಒಮ್ಮೆ ಅಭ್ಯಾಸಬಲದಿಂದ "ಗದ್ದ ಸ್ವಲ್ಪ ಮೇಲೆ" ಎಂದೂ ಹೇಳಿಬಿಟ್ಟ. ಗುಡ್ಡ ಕೇಳಲಿಲ್ಲ. ಹೆಂಡತಿ ಕೇಳಿಸಿಕೊಂಡಳು.

ಛಾಯಾಗ್ರಾಹಕರ ಸಂಘದ ಪ್ರದರ್ಶನಕ್ಕೆ ಪ್ರತಿ ವರ್ಷ ಚಿತ್ರ ಕಳಿಸುತ್ತಿದ್ದ. ಪ್ರತಿ ವರ್ಷ ವಾಪಸ್. ಹೋದ ಸಲ ತೀರ್ಪುಗಾರ್ತಿ, "ಗುಡ್ಡಕ್ಕೆ ವೀಸಾ ಮಾಡಿಸ್ತಿದ್ದೀರಾ ಸರ್?" ಎಂದಿದ್ದಳು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಮನೆಗೆ ಬಂದು ಊಟ ಬಿಟ್ಟ. ಈ ಸಲವೂ ಆಯ್ಕೆಯಾಗದಿದ್ದರೆ ಸ್ಟುಡಿಯೊ ಬಿಟ್ಟು ಹೊರಗೆ ಕ್ಯಾಮೆರಾ ಎತ್ತುವುದಿಲ್ಲ ಎಂದು ಹೆಂಡತಿಯೆದುರು ಆಣೆ ಹಾಕಿದ. ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಈ ಸಲದ ಚಿತ್ರಕ್ಕೆಂದು ಇಬ್ಬರೂ ಕೆರೆ ದಂಡೆಗೆ ಹೋದರು. ನೀರಿನಾಚೆ ಗುಡ್ಡ. ಬಿಸಿಲು ಬಂತು, ಮೋಡ ಬಂತು, ಮತ್ತೆ ಬಿಸಿಲು ಬಂತು. ಅವನಿಗೆ ಯಾವುದೂ ಸರಿಬರಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಸರಿ, ನೆರಳು ಬೀಳ್ತಿದೆ."

ಸರಿದಳು.

"ಇನ್ನೂ ಸ್ವಲ್ಪ."

"ಇನ್ನು ಸರಿದ್ರೆ ನೀರಿಗೇ ಬೀಳ್ತೀನಿ ಕಣ್ರೀ. ನಾನು ಬಸ್‌ಗೆ ಹೋಗ್ತೀನಿ."

"ಹ್ಞೂಂ, ಹ್ಞೂಂ" ಎಂದ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಏನು ಹೇಳಿದಳೆಂಬುದು ಅವನ ಕಿವಿಗೇ ಬಿದ್ದಿರಲಿಲ್ಲ.

ಆಮೇಲೆ ಕಂಪ್ಯೂಟರ್‌ಗೆ ಹಾಕಿ ನೋಡಿದರೆ, ಒಂದು ಚಿತ್ರದ ಕೆಳಮೂಲೆಯಲ್ಲಿ ಅವಳು ದಂಡೆಯ ಮೇಲೆ ಬೆನ್ನು ಹಾಕಿ ನಡೆಯುತ್ತಿದ್ದಾಳೆ. ಕೆಟ್ಟಿತಲ್ಲ ಎಂದು ಹಣೆ ಚಚ್ಚಿಕೊಂಡ. ಉಳಿದವೆಲ್ಲ ಅದೇ ಹಳೇ ಗುಡ್ಡಗಳು. ಹಾಳಾಗಿ ಹೋಗಲಿ ಎಂದು ಅದನ್ನೂ ಸೇರಿಸಿ ಕಳಿಸಿದ.

ಅದೊಂದೇ ಆಯ್ಕೆಯಾಯಿತು. ಪ್ರದರ್ಶನದ ದಿನ ಅದೇ ತೀರ್ಪುಗಾರ್ತಿ ಎಲ್ಲರನ್ನೂ ಕರೆದು ತೋರಿಸಿದಳು. "ನೋಡಿ, ಈ ಹೆಂಗಸಿದ್ದಾಳೆ ಅಂತಲೇ ಕೆರೆ ಎಷ್ಟು ದೊಡ್ಡದು ಅಂತ ಗೊತ್ತಾಗೋದು. ಕಣ್ಣು ಅವಳ ಹಿಂದೇನೇ ಹೋಗುತ್ತೆ. ಈ ಗಳಿಗೆಗೆ ಎಷ್ಟು ಹೊತ್ತು ಕಾದ್ರಿ ಸರ್?"

ಅರ್ಧ ದಿನ ಎನ್ನಲು ಬಾಯಿ ತೆರೆದ. ಪಕ್ಕದಲ್ಲಿ ಹೆಂಡತಿ ಚಿತ್ರದೊಳಗಿನ ತನ್ನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಅವನಿಗೆ ನಾಚಿಕೆಯಾಯಿತು.

"ನಾನೆಲ್ಲಿ ಕಾದೆ ಮೇಡಂ. ಕಾದು ಕಾದು ಸಾಕಾಗಿ ಎದ್ದು ಹೋಗ್ತಿರೋಳು ಇವಳೇ. ಹೋಗಿದ್ದೂ ನಂಗೆ ಗೊತ್ತಾಗ್ಲಿಲ್ಲ."

ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ.

"ನಾನು ಒಂದ್ಸಲ ತಿರುಗಿ ನೋಡಿದ್ದೆ," ಎಂದಳು, ಅವನಿಗಷ್ಟೇ ಕೇಳುವಂತೆ. "ನೀವು ಗುಡ್ಡನೇ ನೋಡ್ತಿದ್ರಿ."