ಜಿರಾಫೆಯ ಗದ್ದದ ಕೆಳಗೆ

ಭಾನುವಾರ ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಯುವ ಮೊದಲು ನಾನು ಕ್ರೆಯಾನುಗಳನ್ನು ವಿಂಗಡಿಸುತ್ತೇನೆ. ಮುರಿದವು ಒಂದು ಕಡೆ, ಯಾರೋ ಕಚ್ಚಿದವು ಇನ್ನೊಂದು ಕಡೆ. ಉಳಿದವುಗಳ ಜಿಡ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತುದಿ ಚೂಪು ಮಾಡಿ, ಒಂದೊಂದು ಲೋಟಕ್ಕೆ ಐದೈದು ಹಾಕುತ್ತೇನೆ. ಕಿಂಡಿಯಾಚೆ ಅಡುಗೆಯಣ್ಣ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿರುತ್ತಾನೆ. ಆ ಭಾನುವಾರವೂ ಹಾಗೆಯೇ ಇತ್ತು. ಒಂದು ನೀಲಿ ಕ್ರೆಯಾನನ್ನು ಮಾತ್ರ ಲೋಟಕ್ಕೆ ಹಾಕದೆ ನನ್ನ ಜೇಬಿಗೆ ಸೇರಿಸಿಕೊಂಡೆ. ಅದು ಕಿಟಕಿ ಪಕ್ಕದ ಟೇಬಲ್ಲಿನ ಅಜ್ಜನಿಗೆ.

ನಮ್ಮಲ್ಲಿ ಮಕ್ಕಳಿಗೆ ಬೇರೆ ಮೆನು ಇದೆ. ಅದೊಂದು ಕಾಗದದ ಹಾಳೆ. ಮುಂದಿನ ಬದಿಯಲ್ಲಿ ತಿಂಡಿಗಳ ಪಟ್ಟಿ, ಹಿಂದಿನ ಬದಿಯಲ್ಲಿ ಮೊಲವನ್ನು ಕ್ಯಾರೆಟ್ಟಿನ ತನಕ ಕರೆದುಕೊಂಡು ಹೋಗುವ ಸುತ್ತುದಾರಿಯ ಚಿತ್ರ. ಪಟ್ಟಿಯಲ್ಲಿ ನಾಲ್ಕು ತಿಂಡಿಗಳಿದ್ದರೂ ಎಲ್ಲರೂ ಕೇಳುವುದು ಕರಡಿ ತಟ್ಟೆಯನ್ನೇ. ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಕರಡಿಯ ಮುಖ, ಬಟಾಣಿಯ ಕಣ್ಣು, ಕ್ಯಾರೆಟ್ಟಿನ ಮೂಗು. ಕಿವಿಗಳನ್ನು ಅಡುಗೆಯಣ್ಣ ಸ್ವಲ್ಪ ಕೆಂಪಗೆ ಹುರಿದು ಅಂಟಿಸುತ್ತಾನೆ.

ಈ ತಟ್ಟೆಯನ್ನು ಎಷ್ಟು ವಯಸ್ಸಿನವರೆಗೆ ಕೊಡಬೇಕು ಎನ್ನುವುದು ನಮ್ಮ ಯಜಮಾನರಿಗೆ ದೊಡ್ಡ ತಲೆನೋವಾಗಿತ್ತು. ಒಂದು ಸಲ ದಪ್ಪ ಮೀಸೆಯ ಗಂಡಸೊಬ್ಬ ತಾಯಿಯ ಜೊತೆ ಬಂದು ಕರಡಿ ಕೇಳಿದ್ದನಂತೆ. ಇದು ಮಕ್ಕಳಿಗೆ ಎಂದಾಗ, ನಾನು ಇವರ ಮಗುವಲ್ಲದೆ ಮತ್ಯಾರು ಎಂದು ತಾಯಿಯನ್ನೇ ಸಾಕ್ಷಿಗೆ ಕರೆದನಂತೆ. ತಾಯಿಯೂ ಹೌದು ಎಂದು ತಲೆಯಾಡಿಸಿದಳಂತೆ. ಅವತ್ತೇ ಯಜಮಾನರು ಬಡಗಿಯನ್ನು ಕರೆಸಿ ಮರದ ಜಿರಾಫೆ ಮಾಡಿಸಿದರು. ಪೂರ್ತಿ ಜಿರಾಫೆಯಲ್ಲ, ಕತ್ತು ಮತ್ತು ತಲೆ ಮಾತ್ರ. ಬಾಗಿಲ ಪಕ್ಕದ ಗೋಡೆಯಿಂದ ಇಣುಕುವಂತೆ ಅದನ್ನು ಒಂದು ಮೊಳೆಗೆ ನೇತುಹಾಕಿದ್ದಾರೆ. ಗದ್ದ ಒಂದು ಗೇಣಿನಷ್ಟು ಮುಂದಕ್ಕೆ ಚಾಚಿದೆ. ಗದ್ದ ತಾಗದೆ ಕೆಳಗೆ ದಾಟಿದವರಿಗೆ ಮಕ್ಕಳ ಮೆನು, ತಾಗಿದವರಿಗೆ ದೊಡ್ಡವರ ಮೆನು ಎಂದು ಪಕ್ಕದಲ್ಲೊಂದು ಬೋರ್ಡ್ ಇದೆ. ಕತ್ತಿನ ಮೇಲೆ 'ಐವತ್ತನಾಲ್ಕು ಇಂಚು' ಎಂದು ಬಣ್ಣದಲ್ಲಿ ಬರೆದಿದೆ. ಜಿರಾಫೆಯ ಮಾತೇ ಕೊನೆಯ ಮಾತು ಎಂದು ಯಜಮಾನರು ಎಲ್ಲರಿಗೂ ಹೇಳುತ್ತಾರೆ. ಜಿರಾಫೆಗೆ ಮಾತು ಬರುವುದಿಲ್ಲ, ಆದ್ದರಿಂದ ಜಗಳವೂ ಆಗುವುದಿಲ್ಲ.

ಕಿಟಕಿ ಪಕ್ಕದ ಟೇಬಲ್ಲಿಗೆ ಮೂರು ವರ್ಷದಿಂದ ಭಾನುವಾರ ತಪ್ಪದೆ ಒಂದು ಸಂಸಾರ ಬರುತ್ತದೆ. ಅಜ್ಜ, ಅವರ ಮಗಳು, ಮೊಮ್ಮಗಳು. ಮಗಳು ಬಟ್ಟೆ ಹೊಲಿಯುವವರು, ಎಲ್ಲಿಗೆ ಹೋದರೂ ಚೀಲದಲ್ಲಿ ಅಳತೆಯ ಟೇಪು ಇರುತ್ತದೆ. ಮೊಮ್ಮಗಳನ್ನು ಮನೆಯವರು ಪುಟ್ಟಿ ಎನ್ನುತ್ತಾರೆ. ಅಜ್ಜ ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಎತ್ತರದ ಆಳು, ಗಂಟುಮುಖ. ಮಗುವಿನ ವಯಸ್ಸು ಕಡಿಮೆ ಹೇಳಿ ಹಾಫ್ ಟಿಕೆಟ್ ಕೇಳುವ ತಂದೆತಾಯಿಗಳನ್ನು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರು ಇರಲಿಲ್ಲವಂತೆ. ಹಲ್ಲು ನೋಡಿಯೇ ವಯಸ್ಸು ಹೇಳುತ್ತಿದ್ದರಂತೆ. ಮಡಿಲಲ್ಲಿ ಮಲಗಿ ನಿದ್ದೆಯ ನಾಟಕವಾಡುತ್ತಿದ್ದ ಎಂಟು ವರ್ಷದವನೊಬ್ಬನಿಗೆ, 'ಮೇಲೆ ಹಲ್ಲಿ ಇದೆ' ಎಂದು ಸುಮ್ಮನೆ ಹೇಳಿ ಎಬ್ಬಿಸಿ, ಪೂರ್ತಿ ಟಿಕೆಟ್ ಹರಿದ ಕಥೆಯನ್ನು ಅವರು ಮೂರು ಸಲ ಹೇಳಿದ್ದಾರೆ. ನಾನು ಮೂರು ಸಲವೂ ನೀರು ಬಡಿಸುತ್ತಾ ಕೇಳಿದ್ದೇನೆ.

ಇಂಥ ಅಜ್ಜ ಪ್ರತಿ ಭಾನುವಾರ ಏನು ಮಾಡುತ್ತಿದ್ದರು ಎನ್ನುವುದು ಪುಟ್ಟಿಯನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ಪುಟ್ಟಿ ಕರಡಿ ತಟ್ಟೆ ಹೇಳುತ್ತಿದ್ದಳು, ಅಜ್ಜ ದೊಡ್ಡ ಮೆನುವಿನಿಂದ ನೂಡಲ್ಸನ್ನೋ ಹುರಿದ ಕೋಳಿಯನ್ನೋ ಹೇಳುತ್ತಿದ್ದರು. ತಟ್ಟೆಗಳು ಬಂದ ಮೇಲೆ ಮಗಳು ಕೈ ತೊಳೆಯಲು ಏಳುತ್ತಿದ್ದರು. ಅವರು ಬೆನ್ನು ತಿರುಗಿಸಿದ್ದೇ ತಡ, ಟೇಬಲ್ಲಿನ ಮೇಲೆ ತಟ್ಟೆಗಳು ಅದಲುಬದಲಾಗುತ್ತಿದ್ದವು. ಮಗಳು ಮರಳುವಷ್ಟರಲ್ಲಿ ಅಜ್ಜ ಕರಡಿಯನ್ನು ಅರ್ಧ ಮುಗಿಸಿ, ತಟ್ಟೆಯನ್ನು ಮತ್ತೆ ಪುಟ್ಟಿಯ ಮುಂದೆ ತಳ್ಳಿ, ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದರು. ಆಮೇಲೆ, ಮಗುವಿಗೆ ದಾರಿ ತೋರಿಸುವವರಂತೆ ಕಾಗದ ಎಳೆದುಕೊಂಡು ನೀಲಿ ಕ್ರೆಯಾನಿನಲ್ಲಿ ಮೊಲವನ್ನು ಕ್ಯಾರೆಟ್ಟಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಮೂರು ವರ್ಷದಲ್ಲಿ ಆ ಚಿತ್ರ ಬದಲಾಗಿಲ್ಲ. ಆದರೂ ಅವರು ಪ್ರತಿ ವಾರ ಕೊಳದ ಹತ್ತಿರ ಅದೇ ತಪ್ಪು ತಿರುವು ತೆಗೆದುಕೊಳ್ಳುತ್ತಿದ್ದರು. ಅಷ್ಟು ವರ್ಷ ಒಂದೇ ರೂಟಿನಲ್ಲಿ ಓಡಾಡಿದವರು.

ತಾವೇ ಕೇಳಿ ತರಿಸಿಕೊಳ್ಳಬಾರದೇ ಎಂದರೆ, ಜಿರಾಫೆಯ ಗದ್ದ ಅವರ ಗದ್ದದವರೆಗೂ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಂಥ ಗಂಟುಮುಖದವರು ಕರಡಿ ಬೇಕು ಎಂದು ಬಾಯಿ ಬಿಡುವುದು ಹೇಗೆ?

ಮೊದಲ ವರ್ಷ ತೊಂದರೆ ಇರಲಿಲ್ಲ. ಎರಡನೆಯ ವರ್ಷ ಒಂದು ಭಾನುವಾರ ಪುಟ್ಟಿಯ ತಲೆ ಗದ್ದಕ್ಕೆ ಟಕ್ ಎಂದು ತಾಗಿತು. ಯಜಮಾನರು ಫೋನಿನಲ್ಲಿದ್ದರು, ನೋಡಲಿಲ್ಲ. ಅಜ್ಜ ನೋಡಿದರು. ಬಸ್ಸು ಕೈ ತಪ್ಪಿದವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಮಾತಾಡುವುದು ನನ್ನಿಂದ ಆಗದ ಕೆಲಸ, ಮೊಳೆ ಹೊಡೆಯುವುದು ಆಗುತ್ತದೆ. ಶನಿವಾರ ಗೋಡೆ ಒರೆಸುವ ನೆಪದಲ್ಲಿ ಜಿರಾಫೆಯನ್ನು ಇಳಿಸಿ, ಮೊಳೆ ಕಿತ್ತು, ಎರಡು ಇಂಚು ಮೇಲೆ ಹೊಡೆದೆ. ಹಳೆಯ ತೂತಿಗೆ ಟೂತ್‌ಪೇಸ್ಟ್ ತುಂಬಿದೆ. ಗೋಡೆಯೂ ಬಿಳಿ, ಪೇಸ್ಟೂ ಬಿಳಿ. ಪುಟ್ಟಿ ಬೆಳೆದಂತೆಲ್ಲ ಜಿರಾಫೆಯೂ ಬೆಳೆಯಿತು. ಹೋದ ತಿಂಗಳು ಮೂರನೆಯ ಸಲ ಏರಿಸಿದ್ದೆ.

ಆದರೆ ಪುಟ್ಟಿಗೀಗ ಹದಿಮೂರು. ಹೋದ ವಾರ ಅವಳು ಅಜ್ಜನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು.

"ಅಜ್ಜ, ಕ್ಲಾಸಿನೋರು ಯಾರಾದ್ರೂ ನೋಡಿದ್ರೆ ನನ್ನ ಕಥೆ ಮುಗೀತು. ಇನ್ನೊಂದೇ ಒಂದು ವಾರ, ಆಮೇಲೆ ನನ್ನಿಂದ ಆಗಲ್ಲ."

ಅಜ್ಜ ಬಟಾಣಿಯ ಕಣ್ಣೊಂದನ್ನು ಬಾಯಿಗೆ ಹಾಕಿಕೊಂಡಿದ್ದರು.

ಆ ಇನ್ನೊಂದೇ ಒಂದು ವಾರ ಬಂದೇ ಬಂತು. ಹನ್ನೆರಡೂವರೆಗೆ ಮೂವರೂ ಬಂದರು. ಮೂರು ಸಲ ಏರಿಸಿದ್ದೂ ಸಾಲದೆ ಪುಟ್ಟಿ ಮಂಡಿ ಬಗ್ಗಿಸಿ, ಬಾತುಕೋಳಿಯಂತೆ ನಡೆದು ಗದ್ದದ ಕೆಳಗೆ ದಾಟಿದಳು. ನಾನು ಮಕ್ಕಳ ಮೆನು, ಕ್ರೆಯಾನಿನ ಲೋಟ ಇಟ್ಟು, ನೀಲಿಯನ್ನು ಅಜ್ಜನ ಕಡೆಗೆ ಉರುಳಿಸಿದೆ. ಅವರು ಅದರ ಮೇಲೆ ಕರವಸ್ತ್ರ ಹಾಕಿ ಮುಚ್ಚಿದರು. ಇನ್ನೇನು ಪುಟ್ಟಿ ಬಾಯಿ ತೆರೆಯಬೇಕು, ಬಾಗಿಲು ತೆರೆದು ಗಿಡ್ಡನೆಯ ಹೆಂಗಸೊಬ್ಬರು ಒಳಗೆ ಬಂದರು. ಪುಟ್ಟಿ ಅವರನ್ನು ನೋಡಿದವಳೇ ದೊಡ್ಡ ಮೆನುವನ್ನು ಸೆಳೆದು ಮುಖದ ಮುಂದೆ ಹಿಡಿದಳು. ಬಂದವರು ಅವಳ ಲೆಕ್ಕದ ಟೀಚರ್.

ಟೀಚರ್ ಸೀದಾ ನಡೆದು ಬಂದರು, ಜಿರಾಫೆಯ ಕೆಳಗೇ ದಾಟಿದರು. ತಾಗಲಿಲ್ಲ. ಅವರು ನಿಂತರು, ಎರಡು ಹೆಜ್ಜೆ ಹಿಂದೆ ಹೋಗಿ ಬೋರ್ಡ್ ಓದಿದರು, ಮತ್ತೊಮ್ಮೆ ದಾಟಿದರು. ಆಮೇಲೆ ಪಕ್ಕದ ಟೇಬಲ್ಲಿನಲ್ಲಿ ಕೂತು ಮಕ್ಕಳ ಮೆನು ಕೇಳಿದರು. ನಾನು ಯಜಮಾನರ ಮುಖ ನೋಡಿದೆ. ಯಜಮಾನರು ನಗುತ್ತಾ ಬಂದು, ಇದು ಮಕ್ಕಳಿಗೆ ಮಾತ್ರ ಮೇಡಂ ಎಂದರು.

"ಎಲ್ಲಿ ಬರ್ದಿದೆ ಮಕ್ಕಳಿಗೆ ಮಾತ್ರ ಅಂತ?" ಎಂದರು ಟೀಚರ್. "ಗದ್ದ ತಾಗದೆ ದಾಟಿದವರಿಗೆ ಅಂತಿದೆ. ನಾನು ಎರಡು ಸಲ ದಾಟಿದೀನಿ. ನಿಮ್ಮ ದೊಡ್ಡ ತಟ್ಟೆ ನನಗೆ ಎರಡು ದಿನಕ್ಕಾಗುತ್ತೆ. ಒಂದು ಕರಡಿ ತನ್ನಿ."

ಅಲ್ಲಿಂದ ಹೋಟೆಲಿನಲ್ಲಿ ಚರ್ಚೆಯೇ ಹತ್ತಿಕೊಂಡಿತು. ಬಾಗಿಲ ಬಳಿಯ ಟೇಬಲ್ಲಿನ ತಂದೆಯೊಬ್ಬರು, ಮಕ್ಕಳು ಹತ್ತು ದಾಟಿದ ಮೇಲೆ ದೊಡ್ಡವರ ತಟ್ಟೆಯಲ್ಲೇ ತಿನ್ನಬೇಕು, ಇಲ್ಲದಿದ್ದರೆ ಮೀಸೆ ಬಂದರೂ ಕರಡಿ ಬಿಡುವುದಿಲ್ಲ ಎಂದರು. ಅವರ ಹೆಂಡತಿ, ಹೌದಾ, ಹಾಗಾದರೆ ಮಗ ಬಿಟ್ಟ ಕರಡಿಯ ಮೂಗನ್ನು ಪ್ರತಿ ಸಲ ತಿನ್ನುವವರು ಯಾರು ಎಂದು ಕೇಳಿದರು. ಪುಟ್ಟಿಯ ತಾಯಿ ತಮ್ಮ ಕಸುಬಿನ ಲೆಕ್ಕ ಹೇಳಿದರು. ಒಂದೇ ವರ್ಷದಲ್ಲಿ ಲಂಗದ ಅಂಚು ಎರಡು ಸಲ ಬಿಚ್ಚಬೇಕಾಗಿ ಬಂದರೆ ಆ ಮಗು ದೊಡ್ಡದಾಯಿತು ಎಂದೇ ಅರ್ಥ. ಹಾಗೆ ಹೇಳಿ ಮಗಳ ಕಡೆ ನೋಡಿದರು. ಪುಟ್ಟಿ ಮೆನುವಿನ ಹಿಂದೆ ಇನ್ನಷ್ಟು ಕುಗ್ಗಿದಳು. ಅಜ್ಜ ಮಾತ್ರ ಕರವಸ್ತ್ರದಡಿಯ ಕ್ರೆಯಾನನ್ನು ಅತ್ತಿತ್ತ ಉರುಳಿಸುತ್ತಾ ಕೂತಿದ್ದರು.

ಯಜಮಾನರಿಗೆ ಬೇರೆ ದಾರಿ ಇರಲಿಲ್ಲ, ಜಿರಾಫೆಯ ಮಾತೇ ಕೊನೆಯ ಮಾತು. ನಾನು ಟೀಚರಿಗೆ ಕರಡಿ ತಂದಿಟ್ಟೆ. ಟೀಚರ್ ಚಮಚ ಎತ್ತಿ, ಸುತ್ತ ನೋಡುತ್ತಿದ್ದವರು ತಮ್ಮ ಕ್ಲಾಸಿನ ಹುಡುಗಿಯನ್ನು ಕಂಡುಹಿಡಿದರು.

"ಓಹೋ, ನೀನಾ? ನೀನೂ ಕರಡೀನಾ?"

"ಇಲ್ಲ ಮಿಸ್," ಎಂದಳು ಪುಟ್ಟಿ. "ನಾನು ದೊಡ್ಡ ಮೆನು. ಖಾರದ ನೂಡಲ್ಸ್. ತುಂಬಾ ಖಾರದ್ದು."

ಅಜ್ಜನ ಕೈ ಕರವಸ್ತ್ರದ ಮೇಲೆಯೇ ನಿಂತಿತು. ಅವರು ಮೊಮ್ಮಗಳನ್ನು ನೋಡಲಿಲ್ಲ, ಪಕ್ಕದ ಟೇಬಲ್ಲಿನ ಕರಡಿಯನ್ನು ನೋಡಿದರು. ಟೀಚರ್ ಚಮಚವನ್ನು ನೇರವಾಗಿ ಕರಡಿಯ ಮೂಗಿಗೇ ಇಳಿಸಿದರು. ಅಜ್ಜ ಕಣ್ಣು ಮುಚ್ಚಿಕೊಂಡರು.

"ಕಿವಿಯಿಂದ ಶುರು ಮಾಡ್ಬೇಕು," ಎಂದು ಗೊಣಗಿದರು.

"ಏನಂದ್ರಿ ಅಪ್ಪ?" ಎಂದರು ಮಗಳು.

"ಏನಿಲ್ಲ."

ಈ ನಡುವೆ ಯಜಮಾನರು ಜಿರಾಫೆಯ ಮುಂದೆ ನಿಂತು ಅದನ್ನೇ ದಿಟ್ಟಿಸುತ್ತಿದ್ದರು. ಅವರು ಗಿಡ್ಡನೆಯವರು, ಆ ವಿಷಯ ಯಾರೂ ಅವರ ಎದುರಿಗೆ ಎತ್ತುವುದಿಲ್ಲ. ಬೂಟಿನ ಹಿಮ್ಮಡಿಗೆ ಹೆಚ್ಚಿನ ಅಟ್ಟೆ ಹಾಕಿಸಿದ್ದಾರೆ. ಏನೋ ನೆನಪಾದವರಂತೆ ಬೂಟು ಬಿಚ್ಚಿದರು, ಕಾಲುಚೀಲದಲ್ಲೇ ಮೆಲ್ಲಗೆ ಗದ್ದದ ಕೆಳಗೆ ಹೋಗಿ ನೆಟ್ಟಗೆ ನಿಂತರು. ಅವರ ತಲೆಗೂ ಗದ್ದಕ್ಕೂ ನಡುವೆ ಒಂದು ಕ್ರೆಯಾನು ಮಲಗುವಷ್ಟು ಜಾಗ ಉಳಿದಿತ್ತು.

ಕಿಂಡಿಯಲ್ಲಿ ಅಡುಗೆಯಣ್ಣನ ತಲೆ ಕಾಣಿಸಿತು.

"ಯಜಮಾನ್ರಿಗೂ ಒಂದು ಕರಡಿ ಹಾಕ್ಲಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಟೀಚರ್ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಯಜಮಾನರು ಇಂಗು ತಿಂದ ಮಂಗನಂತಾದರು. ಪುಟ್ಟಿಯ ತಾಯಿ ಎದ್ದು ಹೋಗಿ, ನೋಡೋಣ ತಡೀರಿ ಎಂದು ಚೀಲದಿಂದ ಟೇಪು ತೆಗೆದು ಗದ್ದದಿಂದ ನೆಲಕ್ಕೆ ಇಳಿಬಿಟ್ಟರು. ಅರವತ್ತು ಇಂಚು. ಇನ್ನೊಮ್ಮೆ ಹಿಡಿದರು, ಅರವತ್ತೇ.

"ಮರದ ಜಿರಾಫೆ ಬೆಳೆಯುತ್ತೇನ್ರೀ?" ಎಂದರು ಯಜಮಾನರು. ಅವರು ಜಿರಾಫೆಯನ್ನು ಇಳಿಸಿ, ಗೋಡೆಯ ಮೇಲೆ ಬೆರಳಾಡಿಸಿದರು. ಒಂದು ತೂತಿನಿಂದ ಬಿಳಿಯ ಬೆಣೆಯೊಂದು ಉದುರಿತು. ಅದನ್ನೆತ್ತಿ ಮೂಸಿದರು. ಇನ್ನೊಂದು ತೂತಿಗೆ ಮೂಗನ್ನೇ ಒತ್ತಿದರು. ಆಮೇಲೆ ಸುತ್ತ ತಿರುಗಿ, ನನ್ನ ಗೋಡೆಗೆ ಹಲ್ಲುಜ್ಜಿದವರು ಯಾರು ಎಂದು ಕೇಳಿದರು.

ನಾನು ಖಾಲಿ ಟ್ರೇಯನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ನಾನೇ ಎಂದು ಹೇಳಬೇಕಿತ್ತು. ಯಜಮಾನರ ಕಣ್ಣು ಒಬ್ಬೊಬ್ಬರನ್ನೇ ದಾಟಿ ನನ್ನ ಕಡೆಗೆ ಬರುತ್ತಿತ್ತು. ಬಸ್ಸಿನಲ್ಲಿ ಟಿಕೆಟಿಲ್ಲದೆ ಕೂತವರಿಗೆ ಹೀಗೇ ಆಗುತ್ತಿತ್ತೇನೋ.

ಆಗ ಕುರ್ಚಿ ಸರಿದ ಸದ್ದಾಯಿತು. ಅಜ್ಜ ಎದ್ದು ನಿಂತಿದ್ದರು.

"ಆ ಹುಡುಗೀನ ನೋಡ್ಬೇಡಿ," ಎಂದರು. "ಅವಳು ಏರ್ಸಿದ್ರೂ ಅದು ನನಗೋಸ್ಕರ. ಪ್ರತಿ ಸಲ ಏರ್ಸಿದಾಗ್ಲೂ ನನಗೆ ಪೇಸ್ಟಿನ ವಾಸನೆ ಬಂದಿತ್ತು. ಮೂರು ವರ್ಷದಿಂದ ಈ ಮಗು ಹೆಸರಲ್ಲಿ ನಾನು ಹಾಫ್ ಟಿಕೆಟ್‌ನಲ್ಲಿ ಓಡಾಡ್ತಿದೀನಿ."

"ಅಪ್ಪ, ಏನು ಹೇಳ್ತಿದೀರಿ?" ಎಂದರು ಮಗಳು.

"ನೀನು ಕೈ ತೊಳೆಯೋಕೆ ಹೋದಾಗಲೆಲ್ಲ," ಎಂದರು ಅಜ್ಜ.

ಅವರು ಟೇಬಲ್ಲುಗಳ ನಡುವೆ ನಿಧಾನವಾಗಿ ನಡೆದು ಯಜಮಾನರ ಹತ್ತಿರ ಹೋದರು, ಅವರ ಕೈಯಿಂದ ಜಿರಾಫೆಯನ್ನು ತೆಗೆದುಕೊಂಡು ಕೆಳಗೆ ಮೊದಲಿನ ಮೊಳೆಯಿದ್ದ ಜಾಗಕ್ಕೇ ಹಿಡಿದರು. ಐವತ್ತನಾಲ್ಕು ಇಂಚು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಊರಿ ಮಂಡಿ ಬಗ್ಗಿಸಿದರು. ಮಂಡಿ ಲಟಕ್ ಎಂದಿತು. ಇನ್ನೂ ಬಗ್ಗಿದರು. ಕತ್ತು ಒಳಗೆ ಎಳೆದುಕೊಂಡರು. ಉಳಿದ ನಾಲ್ಕು ಕೂದಲು ಗದ್ದಕ್ಕೆ ತಾಗದಂತೆ ಕಡೆಗೂ ಕೆಳಗೆ ಬಂದು, ಅರ್ಧ ಕೂತ ಹಾಗೆ ನಿಂತರು. ಗಂಟುಮುಖ ಕೆಂಪಾಗಿತ್ತು.

ಯಜಮಾನರು ಕಾಲುಚೀಲದಲ್ಲಿ, ಪೇಸ್ಟಿನ ಬೆಣೆ ಕೈಯಲ್ಲಿ ಹಿಡಿದೇ ನಿಂತಿದ್ದರು. ಮಗಳ ಟೇಪು ನೆಲದವರೆಗೆ ಜೋತಾಡುತ್ತಿತ್ತು. ಪುಟ್ಟಿ ಮೆನುವನ್ನು ಕೆಳಗಿಟ್ಟಿದ್ದಳು. ಟೀಚರಿನ ಚಮಚ ಮೂಗಿಲ್ಲದ ಕರಡಿಯ ಮೇಲೆ ನಿಂತಿತ್ತು.

ಅಜ್ಜ ನೆಲ ನೋಡುತ್ತಾ, ಸ್ಟಾಪಿನ ಹೆಸರು ಕೂಗುತ್ತಿದ್ದ ಅದೇ ದನಿಯಲ್ಲಿ, ಆದರೆ ತುಂಬ ಮೆಲ್ಲಗೆ ಹೇಳಿದರು.

"ನನಗೊಂದು ಕರಡಿ ತಟ್ಟೆ ಕೊಡಿ."