ಗುರುವಾರದ ಮನೆ

“ಗುರುವಾರ ನೀವೂ ಅವನಿಗೆ ಊಟ ಹಾಕ್ಬೇಡಿ. ಉಳಿದ ಮನೆಗಳಿಗೂ ಹೇಳಿ ಬಂದಿದೀನಿ. ಹೊಟ್ಟೆ ಚುರುಗುಟ್ಟಿದ್ರೆ ತಾನಾಗೇ ಬುದ್ಧಿ ಬರುತ್ತೆ,” ಎಂದರು ಮಲ್ಲಿಕಾರ್ಜುನಯ್ಯ, ಶೈಲಜಮ್ಮನವರ ಮನೆಯ ಮೆಟ್ಟಿಲ ಬಳಿಯೇ ನಿಂತು.

ಅವನು ಅಂದರೆ ಮುರುಗೇಶ. ಹದಿನೈದು ವರ್ಷದ ಹಳ್ಳಿ ಹುಡುಗ. ಮಠದ ಜಗಲಿಯಲ್ಲಿ ಮಲಗಿ, ಚಾಮರಾಜಪೇಟೆಯ ಏಳು ಮನೆಗಳಲ್ಲಿ ದಿನಕ್ಕೊಂದರಂತೆ ವಾರಾನ್ನ ಉಂಡು ಹೈಸ್ಕೂಲು ಓದುತ್ತಿದ್ದ. ರೇಷನ್ ಅಕ್ಕಿಯ ಆ ಕಾಲದಲ್ಲಿ ಅದೇನೂ ಸಣ್ಣ ಉಪಕಾರವಲ್ಲ. ಏಳು ಮನೆಯವರೂ ಪುಣ್ಯವನ್ನು ಸಮನಾಗಿ ಹಂಚಿಕೊಂಡಿದ್ದರು. ಸೋಮವಾರ ಮಲ್ಲಿಕಾರ್ಜುನಯ್ಯನವರದು, ಗುರುವಾರ ಶೈಲಜಮ್ಮನವರದು. ಈ ಸೋಮವಾರ ಊಟಕ್ಕೆ ಕೂತವನು ಆ ಮನೆಯ ಮಗನಿಗೆ ನೀರಿನ ಚೊಂಬು ಬೀಸಿ ಹೊಡೆದಿದ್ದ. ಹುಬ್ಬು ಒಡೆದು ಮೂರು ಹೊಲಿಗೆ ಬಿದ್ದಿತ್ತು.

“ಯಾಕೆ ಹೊಡೆದೆ ಅಂತ ಕೇಳಿದ್ರಾ?” ಎಂದರು ಶೈಲಜಮ್ಮ.

“ಉಂಡ ಮನೆಗೆ ಎರಡು ಬಗೆಯೋನನ್ನ ಏನು ಕೇಳೋದು ತಾಯಿ?”

ಹುಡುಗನ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಅವನು ಅನ್ನ ಕಲಸಿಕೊಂಡು ಸುಮ್ಮನೆ ಕೂತಿರುವುದನ್ನು ಶೈಲಜಮ್ಮ ನೋಡಿದ್ದರು. ನೋಡಿ, ಬಡಿಸಿ, ಒಳಗೆ ಹೋಗಿದ್ದರು. ಈಗ ಅದು ನೆನಪಾಗಿ ನಾಚಿಕೆಯಾಯಿತು.

ಮಂಗಳವಾರ ಬೆಳಿಗ್ಗೆ, ಅಂಗಡಿಗೆ ಹೊರಟಿದ್ದ ಗಂಡ ಚಂದ್ರಶೇಖರಯ್ಯನವರನ್ನು ತಡೆದು ನಿಲ್ಲಿಸಿದರು. “ಏನೂಂದ್ರೆ, ಆ ಹುಡುಗ ನಮ್ಮನೇಲೇ ಇರ್ಲಿ. ಏಳು ದಿನಾನೂ ಇಲ್ಲೇ ಉಣ್ಲಿ.”

“ಹುಬ್ಬು ಒಡೆದೋನನ್ನ?”

“ಹೊಡೆದಿದ್ದು ತಪ್ಪೇ. ಉಪವಾಸ ಕೆಡವಿದ್ರೆ ಅವನ ಸಂಕಟ ಹೋಗುತ್ತಾ?”

ಅವರು ರುಮಾಲು ಸುತ್ತಿ ಮುಗಿಸಿದರು. “ಆಯ್ತು. ಗುರುವಾರ ಬರ್ತಾನಲ್ಲ, ಹೇಳು.”

ಅಂದೇ ಹೋಗಿ ಕರೆತರಬಹುದಿತ್ತು. ಮಠ ಎರಡು ಬೀದಿಯಾಚೆಗೇ ಇತ್ತು. ಆದರೆ ಮಂಗಳವಾರ, ಬುಧವಾರ ಬೇರೆಯವರ ವಾರ. ಇನ್ನೊಬ್ಬರ ವಾರದ ಹುಡುಗನನ್ನು ಕರೆದು ಬಡಿಸಿದರೆ ಅವರ ಪುಣ್ಯಕ್ಕೆ ಕೈ ಹಾಕಿದಂತೆ, ಹೆಂಗಸರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಮಲ್ಲಿಕಾರ್ಜುನಯ್ಯ ಹೇಳಿದರೆಂದು ಎಲ್ಲರೂ ನಿಜವಾಗಿ ಬಾಗಿಲು ಹಾಕಿಬಿಡುತ್ತಾರೆಯೇ ಎಂದು ಶೈಲಜಮ್ಮ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಒಳ್ಳೆಯ ಹೆಂಗಸು; ಒಳ್ಳೆಯವರಿಗೂ ನಾಲ್ಕು ಜನರ ಭಯ ತಪ್ಪಿದ್ದಲ್ಲ.

ಗುರುವಾರ ಹೆಸರುಬೇಳೆ ಪಾಯಸ ಮಾಡಿದರು. ಒಳಕೋಣೆ ಗುಡಿಸಿ ಚಾಪೆ ಹಾಸಿದರು. ಹತ್ತು ಗಂಟೆಯಾದರೂ ಹುಡುಗ ಬರಲಿಲ್ಲ. ತಡೆಯಲಾರದೆ ತಾವೇ ಮಠಕ್ಕೆ ಹೋದರು.

ಅಂಗಳ ಗುಡಿಸುತ್ತಿದ್ದ ಕಾವಲಿನ ಮರಿಯಣ್ಣ ಪೊರಕೆ ಕೆಳಗಿಟ್ಟ. “ಬೆಳಿಗ್ಗೇನೇ ಹೊಂಟೋದ ಕಣವ್ವ, ಗಂಟು ಕಟ್ಕೊಂಡು. ಎಲ್ಡು ದಿನ ಆ ಮನೆಗಳ ಬಾಗಿಲಿಗೆ ಹೋಗಿ ಬಂದ. ಯಾರೂ ಒಂದು ತುತ್ತು ಇಕ್ಕಲಿಲ್ಲ. ಬರೀ ನೀರು ಕುಡ್ಕೊಂಡಿದ್ದ.”

“ಇವತ್ತು ನಮ್ಮನೆ ವಾರ ಅಂತ ಗೊತ್ತಿತ್ತಲ್ಲ ಅವನಿಗೆ!”

“ನಾನೂ ಅಂದೆ ಕಣವ್ವ, ಗುರುವಾರದ ಅಮ್ಮ ಇದಾರಲ್ಲ, ಅಲ್ಲಿಗೆ ಹೋಗು ಅಂತ.” ಮರಿಯಣ್ಣ ನೆಲ ನೋಡಿದ. “‘ಎಲ್ಲಾರೂ ಇಲ್ಲ ಅಂದ್ರು, ಪರ್ವಾಗಿಲ್ಲ. ಆ ಅಮ್ಮನ ಬಾಯಿಂದ ಮಾತ್ರ ಆ ಮಾತು ಕೇಳಕ್ಕಾಗಲ್ಲ’ ಅಂದ.”

ಶೈಲಜಮ್ಮನಿಗೆ ಅಳು ಬಂತು. ತಡೆಯಲಿಲ್ಲ.

“ಯಾವ ಕಡೆ ಹೋದ?”

“ಸ್ಟೇಷನ್ ಕಡೆ. ಬೆಳಗಿನ ರೈಲು ಯಾವಾಗ್ಲೋ ಹೋಯ್ತು ಕಣವ್ವ.”

ಒಂಟಿಯಾಗಿ ಪೇಟೆ ಬೀದಿ ದಾಟಿ ಗೊತ್ತಿಲ್ಲದ ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಿನಲ್ಲಿ ಸ್ಟೇಷನ್ನಿನ ಕಡೆಗೆ ನಡೆಯತೊಡಗಿದರು.